ಎರಡು ಗಂಟೆಗೊಂದು ಮಗ್ಗುಲು, ಮಗ್ಗುಲಿಗೊಂದು ಸಾಲು

ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಹೊತ್ತು ತಿಳಿಯುವುದು ಮಗ್ಗುಲಿನಿಂದ. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸಬೇಕು: ಎಡ ಮಗ್ಗುಲು, ಅಂಗಾತ, ಬಲ ಮಗ್ಗುಲು, ಮತ್ತೆ ಅಂಗಾತ. ಹಗಲು ರಾತ್ರಿ ಸೇರಿ ಹನ್ನೆರಡು ಸಲ. ತಪ್ಪಿದರೆ ಸೊಂಟದ ಹಿಂಭಾಗ, ಹಿಮ್ಮಡಿ, ತೊಡೆಯ ಹೊರಮೂಳೆ ಇರುವಲ್ಲಿ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿ, ರಕ್ತ ಓಡದೆ ಮೊದಲು ಕೆಂಪಾಗುತ್ತದೆ, ಆಮೇಲೆ ಒಡೆದು ಹುಣ್ಣಾಗುತ್ತದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬೇಳ, ಬದಿಯಡ್ಕ ಕಡೆಯ ಮನೆಗಳಿಗೆ ರೋಗಿಗಳನ್ನು ನೋಡಲು ಹೋಗಿಬರುವ ನಾವು ವಿಶ್ವಾಸದ ಬಗ್ಗೆ ಕಲಿತದ್ದರಲ್ಲಿ ಹೆಚ್ಚಿನದು ಈ ಹನ್ನೆರಡು ಮಗ್ಗುಲುಗಳ ನಡುವೆ ಕಲಿತದ್ದು.

"ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದು ಮಂಗಳೂರಿನ ಆಸ್ಪತ್ರೆಯಲ್ಲಿ ಹೇಳಿದ ದಿನದಿಂದ ಹಿಡಿದು ಮಣ್ಣು ಮಾಡಿದ ಮೇಲಿನ ನಲವತ್ತು ದಿನಗಳ ತನಕ ಒಂದು ಕ್ರೈಸ್ತ ಮನೆಯಲ್ಲಿ ಏನೇನು ನಡೆಯುತ್ತದೆ, ಎಲ್ಲೆಲ್ಲಿ ಎಡವುತ್ತದೆ, ಏನು ಮಾಡಿದರೆ ಆಸರೆಯಾಗುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ. ಆಸೆ ಎಲ್ಲ ಬಿದ್ದುಹೋದಾಗ ವಿಶ್ವಾಸವನ್ನು ಒಬ್ಬರೇ ಎತ್ತಿ ಹಿಡಿಯಲು ಆಗುವುದಿಲ್ಲ. ಅದನ್ನು ಸಣ್ಣದು ಮಾಡಿ, ಹೊತ್ತಿಗೆ ಕಟ್ಟಿ, ಕೈಯಿಂದ ಕೈಗೆ ದಾಟಿಸುತ್ತಾ ಇರಬೇಕು.

ಮೊದಲ ಒಂದು ತಿಂಗಳು ಯಾವ ಮನೆಯಲ್ಲೂ ಪ್ರಾರ್ಥನೆಗೆ ಕೊರತೆ ಇರುವುದಿಲ್ಲ. ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳಲು ಇಗರ್ಜಿಯ (ಚರ್ಚಿನ) ವಾರ್ಡಿನವರೆಲ್ಲ ಬರುತ್ತಾರೆ, ಒಂಬತ್ತು ದಿನದ ನೊವೇನ ಆಗುತ್ತದೆ, ಯಾರೋ ಪುಣ್ಯಕ್ಷೇತ್ರದ ಎಣ್ಣೆ ತರುತ್ತಾರೆ, ಇನ್ಯಾರೋ ಹರಕೆ ಹೇಳುತ್ತಾರೆ. ಎಡವುವುದು ಮೂರನೆಯ ತಿಂಗಳಲ್ಲಿ. ಅಡಕೆ ಕೊಯ್ಲು, ಮಕ್ಕಳ ಪರೀಕ್ಷೆ, ಮದುವೆಗಳು ಬಂದು ಜನ ಕಡಿಮೆಯಾಗುತ್ತಾರೆ. ಒಂದು ಗಂಟೆಯ ಪ್ರಾರ್ಥನೆ ನಡೆದ ಮನೆಯಲ್ಲಿ ಈಗ ಕೂತು ಐವತ್ತಮೂರು ನಮೋ ಮರಿಯ ಹೇಳಲು ಯಾರಿಗೂ ತ್ರಾಣ ಇರುವುದಿಲ್ಲ. ಒಂದು ದಿನ ತಪ್ಪುತ್ತದೆ, ಮೂರು ದಿನ ತಪ್ಪುತ್ತದೆ, ಆಮೇಲೆ "ನಮ್ಮ ಮನೆಯಲ್ಲಿ ಪ್ರಾರ್ಥನೆಯೇ ನಿಂತುಹೋಯಿತು" ಎಂಬ ಅಪರಾಧಿ ಭಾವ ಹತ್ತಿಕೊಳ್ಳುತ್ತದೆ. ಮನೆಯವರ ವಿಶ್ವಾಸ ಆಗ ಕುಗ್ಗಿರುವುದಿಲ್ಲ. ಮದುವೆಮನೆಯ ದೊಡ್ಡ ಪಾತ್ರೆಯನ್ನು ದಿನದ ಗಂಜಿಗೆ ಇಟ್ಟಂತೆ, ಪ್ರಾರ್ಥನೆಯ ಅಳತೆ ಮನೆಯ ಶಕ್ತಿಗೆ ಮೀರಿರುತ್ತದೆ, ಅಷ್ಟೇ.

ಆದ್ದರಿಂದ ಶುರುವಿನಲ್ಲೇ ಅಳತೆ ಸಣ್ಣದು ಮಾಡಿ ಎಂದು ಹೇಳುತ್ತೇವೆ. ಒಂದು ಮಗ್ಗುಲಿಗೆ ಒಂದು ಸಾಲು. ಬೈಬಲಿನ 121ನೇ ಕೀರ್ತನೆಯಲ್ಲಿ ಎಂಟೇ ವಚನ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಮಾರ್ಕರಿನಿಂದ ಎಂಟು ವಚನ ಬರೆದು ಹಾಸಿಗೆಯ ಕಾಲ ಕಡೆಯ ಗೋಡೆಗೆ ಅಂಟಿಸಬೇಕು. ಅಕ್ಷರ ಎರಡು ಬೆರಳಿನಷ್ಟು ಎತ್ತರ ಇರಲಿ. ನಡುರಾತ್ರಿ ಸಣ್ಣ ಬಲ್ಬಿನ ಬೆಳಕಿನಲ್ಲಿ ಕನ್ನಡಕವಿಲ್ಲದೆ ಓದಲು ಆಗಬೇಕು. ಇಲ್ಲಿನ ಹಿರಿಯರಲ್ಲಿ ಅನೇಕರು ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಓದುವವರು, ಹಾಗಾಗಿ ಯಾವ ಭಾಷೆಯ ಸಾಲು ನಾಲಗೆಗೆ ಹತ್ತಿರವೋ ಅದನ್ನು ಬರೆಯಬಹುದು. ರಾತ್ರಿ 10ಕ್ಕೆ ಒಂದು, 12ಕ್ಕೆ ಒಂದು, 2ಕ್ಕೆ ಒಂದು. ತಿರುಗಿಸುವವರು ಒಂದು ಕೈ ಭುಜದ ಅಡಿಗೆ, ಒಂದು ಕೈ ಸೊಂಟದ ಅಡಿಗೆ ಕೊಟ್ಟು, ಎಳೆಯದೆ ಉರುಳಿಸಬೇಕು. ಎಳೆದರೆ ಚರ್ಮ ಕಿತ್ತು ಬರುತ್ತದೆ. ಬೆನ್ನಿಗೆ ದಿಂಬು ಒತ್ತಿ, ಮೊಣಕಾಲುಗಳ ನಡುವೆ ಮಡಚಿದ ಬಟ್ಟೆ ಇಟ್ಟು, ಕೆಂಪು ಕಾಣುತ್ತದೆಯೇ ಎಂದು ನೋಡಿ, ಆಮೇಲೆ ಆ ಸಾಲನ್ನು ಹೇಳಿದರೆ ಸಾಕು. "ಕಾಯುವಾತ ತೂಕಡಿಸುವುದಿಲ್ಲ" ಎಂಬ ಮಾತು ರಾತ್ರಿ ಎರಡು ಗಂಟೆಗೆ ತೂಕಡಿಸುತ್ತಲೇ ಎದ್ದುಬಂದ ಮಗಳ ಬಾಯಿಂದ ಬಂದಾಗ ಅದು ಬೇರೆಯೇ ಮಾತಾಗಿ ಕೇಳುತ್ತದೆ. 41ನೇ ಕೀರ್ತನೆಯ ಮೂರನೆಯ ವಚನದಲ್ಲಿ ರೋಗಿಯ ಹಾಸಿಗೆಯನ್ನು ದೇವರೇ ಬದಲಿಸುತ್ತಾರೆ ಎಂಬ ಅರ್ಥದ ಮಾತಿದೆ. ಹೀಬ್ರೂ ಮೂಲದಲ್ಲಿರುವ ಕ್ರಿಯಾಪದದ ಅರ್ಥ ತಿರುಗಿಸು, ಮಗುಚು ಎಂದು. ಮಗ್ಗುಲು ಬದಲಿಸುವ ಕೆಲಸ ಪ್ರಾರ್ಥನೆಗೆ ಅಡ್ಡಿ ಎಂದುಕೊಂಡವರಿಗೆ ಈ ವಚನವನ್ನು ತೋರಿಸುತ್ತೇವೆ.

ಎರಡನೆಯದು ಗೋಳಿನ ಪ್ರಾರ್ಥನೆ. ನಮ್ಮ ಮನೆಗಳಲ್ಲಿ ಇದಕ್ಕೆ ಬಹಳ ಹೆದರಿಕೆ. ದೇವರ ಮೇಲೆ ಸಿಟ್ಟು ಮಾಡಿದರೆ ಪಾಪ, "ಯಾಕೆ" ಎಂದು ಕೇಳಿದರೆ ವಿಶ್ವಾಸ ಕಡಿಮೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಆದರೆ ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳಿನ ಕೀರ್ತನೆಗಳೇ. 13ನೆಯದರ ಮೊದಲ ಎರಡು ವಚನಗಳಲ್ಲಿ "ಇನ್ನೆಷ್ಟರವರೆಗೆ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 88ನೆಯದು ಇನ್ನೂ ಕಠಿಣ. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತುತಿಯ ಕಡೆ ತಿರುಗಿದರೆ, ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಹಾಗಿದ್ದೂ ಧರ್ಮಸಭೆ ಅದನ್ನು ಪಕ್ಕಕ್ಕಿಡಲಿಲ್ಲ. ಪ್ರತಿ ಶುಕ್ರವಾರ ಮಲಗುವ ಮುಂಚಿನ ರಾತ್ರಿ ಪ್ರಾರ್ಥನೆಗೆ ಇಟ್ಟಿದೆ. ಲೋಕದ ಎಲ್ಲ ಕಡೆ ಗುರುಗಳೂ ಕನ್ಯಾಸ್ತ್ರೀಯರೂ ವಾರಕ್ಕೊಮ್ಮೆ, ತಮಗೆ ಕತ್ತಲೆ ಇರಲಿ ಇಲ್ಲದಿರಲಿ, ಕತ್ತಲೆಯಲ್ಲಿರುವವರ ಬಾಯಾಗಿ ಅದನ್ನು ಹೇಳುತ್ತಾರೆ. ಬೆಳ್ಳೂರಿನ ಒಂದು ಹಂಚಿನ ಮನೆಯಲ್ಲಿ ಒಬ್ಬರೇ ಎಚ್ಚರವಿರುವ ಶುಕ್ರವಾರ ರಾತ್ರಿ ಈ ವಿಷಯ ಗೊತ್ತಿದ್ದರೆ ದೊಡ್ಡ ಆಸರೆ.

ಬೈಬಲಿನ ಪ್ರಲಾಪಗಳ ಪುಸ್ತಕದಲ್ಲಿ ಇನ್ನೊಂದು ಕಲಿಯುವ ಸಂಗತಿ ಇದೆ. ಐದು ಅಧ್ಯಾಯಗಳಲ್ಲಿ ಮೊದಲ ನಾಲ್ಕು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಕಟ್ಟಿದವು. ನಾವು ಅ, ಆ, ಇ, ಈ ಎಂದು ಸಾಲು ಹಿಡಿದಂತೆ 22 ಅಕ್ಷರಗಳಿಗೆ ಒಂದೊಂದಾಗಿ ದುಃಖವನ್ನು ಜೋಡಿಸಿದ್ದಾರೆ. ನಡುವಿನ ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳು. "ಕರುಣೆ ಮುಂಜಾನೆ ಮುಂಜಾನೆ ಹೊಸತು" ಎಂಬ ಎಲ್ಲರಿಗೂ ಗೊತ್ತಿರುವ ಮಾತು ಬರುವುದು ಆ ಅಧ್ಯಾಯದ ಒಳಗೆ. ಅದಕ್ಕೆ ಮುಂಚೆ ಎರಡು ಅಧ್ಯಾಯಕ್ಕೂ ಹೆಚ್ಚು ಅಳು ಇದೆ, ಆಮೇಲೂ ಅಳು ಇದೆ, ಪುಸ್ತಕ ಮುಗಿಯುವುದೂ ಬಗೆಹರಿಯದೆ. ಆ ಒಂದು ವಚನವನ್ನು ಮಾತ್ರ ಕಿತ್ತು ಫ್ರೇಮು ಹಾಕಿ ರೋಗಿಯ ತಲೆಯ ಮೇಲೆ ತೂಗುಹಾಕಿದರೆ ಅದಕ್ಕೆ ಬೇರು ಇರುವುದಿಲ್ಲ. ಮೊದಲು ಅಳಲು ಬಿಡಬೇಕು. ನಾವು ಮಾಡುವ ಕ್ರಮ ಹೀಗೆ: ಒಂದು ಪುಸ್ತಕದಲ್ಲಿ ಎಡಪುಟಕ್ಕೆ ಆ ದಿನದ ದೂರು, ಹೆಸರು ಹಿಡಿದು, ಒಂದೇ ಸಾಲು. "ಇವತ್ತು ಎರಡು ಸಲ ವಾಂತಿ. ನೀನು ಎಲ್ಲಿದ್ದೆ?" ಬಲಪುಟ ಖಾಲಿ ಇರಲಿ. ಅಲ್ಲಿ ಬರೆಯಲು ಏನಾದರೂ ಬಂದ ದಿನ ಬರೆಯಬಹುದು, ಬಾರದಿದ್ದರೆ ಇಲ್ಲ. ಬಲಪುಟವನ್ನು ತುಂಬಿಸಲೇಬೇಕೆಂದು ಹಟ ಹಿಡಿದ ಕಡೆ ಸುಳ್ಳು ಸಮಾಧಾನ ಸೇರಿಕೊಂಡು ಇಡೀ ಪುಸ್ತಕವೇ ನಿಂತುಹೋಗುತ್ತದೆ. ಶಿಲುಬೆಯ ಮೇಲೆ ಪ್ರಭು ಕೂಗಿದ್ದು 22ನೇ ಕೀರ್ತನೆಯ ಮೊದಲ ಮಾತು, "ಯಾಕೆ ನನ್ನ ಕೈಬಿಟ್ಟೆ" ಎಂಬ ಮಾತು. ಅದಕ್ಕೂ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಒಂದೇ ಪ್ರಾರ್ಥನೆಯನ್ನು ಮೂರು ಸಲ ಹೇಳಿದರು ಎಂದು ಮತ್ತಾಯ ಬರೆಯುತ್ತಾನೆ. ಹೊಸ ಮಾತು ಹುಟ್ಟುವುದಿಲ್ಲವೆಂದು ನಾಚಬೇಕಾಗಿಲ್ಲ.

ಇನ್ನು ನೋವು. ಕೇರಳದಲ್ಲಿ ಪಂಚಾಯತಿನ ಪಾಲಿಯೇಟಿವ್ (ನೋವು ಶಮನದ ಆರೈಕೆಯ) ನರ್ಸ್ ಮನೆಗೆ ಬರುವ ವ್ಯವಸ್ಥೆ ಇರುವುದು ಈ ಕಡೆಯವರ ಪುಣ್ಯ. ಕ್ಯಾನ್ಸರಿನ ನೋವಿಗೆ ವೈದ್ಯರು ಮಾರ್ಫಿನ್ ಮಾತ್ರೆ ಬರೆದಾಗ ಕೆಲವು ಭಕ್ತ ಮನೆಗಳಲ್ಲಿ ಅದನ್ನು ಡಬ್ಬದಲ್ಲೇ ಇಡುವುದು ಉಂಟು. ನೋವನ್ನು ಪ್ರಭುವಿನ ಪಾಡಿಗೆ ಒಪ್ಪಿಸಬೇಕು, ಮಾತ್ರೆ ತೆಗೆದುಕೊಂಡರೆ ಅರ್ಪಣೆ ಕಡಿಮೆಯಾಗುತ್ತದೆ ಎಂಬ ಎಣಿಕೆ. ಮಾತ್ರೆ ಕೊಟ್ಟರೆ ಬೇಗ ಸಾಯುತ್ತಾರೆ ಎಂಬ ಹೆದರಿಕೆ ಬೇರೆ. ಧರ್ಮಸಭೆಯ ಬೋಧನೆ ಇದರಲ್ಲಿ ಸ್ಪಷ್ಟವಾಗಿದೆ. 1957ರಲ್ಲೇ ಹನ್ನೆರಡನೆಯ ಪಿಯೂಸ್ ಪೋಪರು ನೋವು ಕಡಿಮೆ ಮಾಡುವ ಔಷಧಿ ತೆಗೆದುಕೊಳ್ಳಬಹುದು ಎಂದು ವೈದ್ಯರಿಗೆ ಹೇಳಿದ್ದರು. ಧರ್ಮಸಭೆಯ ಬೋಧನೆಯ ಪುಸ್ತಕವಾದ ಕಥೋಲಿಕ ಧರ್ಮೋಪದೇಶದ 2279ನೇ ಅಂಶದಲ್ಲೂ ಅದೇ ಇದೆ, ಅದರ ಹಿಂದಿನ 2278ರಲ್ಲಿ ಹೊರಲಾಗದಷ್ಟು ಭಾರವಾದ, ಫಲವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು ಕೊಲೆಯಲ್ಲ ಎಂಬುದೂ ಇದೆ. ಮನೆಯವರು ಕೇಳುವ ಮೊದಲೇ ನಾವು ಈ ಎರಡು ಸಂಖ್ಯೆಗಳನ್ನು ಹೇಳಿಬಿಡುತ್ತೇವೆ. ಪ್ರಾರ್ಥನೆಯ ಹೊತ್ತನ್ನೂ ಮಾತ್ರೆಗೆ ಹೊಂದಿಸಬೇಕು. ಬಾಯಿಯಿಂದ ತೆಗೆದುಕೊಂಡ ಸಾದಾ ಮಾರ್ಫಿನ್ ಕೆಲಸ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನುಂಗಿದ ಕೂಡಲೇ ಎಲ್ಲರೂ ಸುತ್ತ ಮಂಡಿಯೂರಿದರೆ ರೋಗಿ ಹಲ್ಲು ಕಚ್ಚಿಕೊಂಡು ಮಲಗಿರುತ್ತಾರೆ, ಪ್ರಾರ್ಥನೆ ಮತ್ತು ನೋವು ಎರಡೂ ಮನಸ್ಸಿನಲ್ಲಿ ಒಂದಕ್ಕೊಂದು ಗಂಟು ಬೀಳುತ್ತವೆ. ಅರ್ಧ ಗಂಟೆ ಕಳೆಯಲಿ. ಈ ಮಾತ್ರೆ ಮಲಬದ್ಧತೆ ತರುತ್ತದೆ, ಜೊತೆಗೆ ಬರೆದ, ಮಲ ಸಡಿಲಿಸುವ ಔಷಧಿಯನ್ನು ಬಿಡಬಾರದು. ಮೂರು ದಿನ ಹೊರಕಡೆ ಹೋಗದವರಿಗೆ ಯಾವ ಕೀರ್ತನೆಯೂ ಹಿತವಾಗುವುದಿಲ್ಲ.

ಡಯಾಲಿಸಿಸ್‌ನವರ ಕಷ್ಟ ಬೇರೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕ, ಅದಕ್ಕೆ ಹೋಗಿಬರುವ ದಾರಿ ಬೇರೆ. ವರ್ಷಗಟ್ಟಲೆ. ಇವರಿಗೆ ಹೆಚ್ಚಿನ ಹಿಂಸೆ ಬಾಯಾರಿಕೆ. ಮೂತ್ರ ನಿಂತವರಿಗೆ ವೈದ್ಯರು ಕೊಡುವ ನೀರಿನ ಲೆಕ್ಕ ಅನೇಕ ಸಲ ದಿನಕ್ಕೆ ಒಂದು ಲೀಟರಿನೊಳಗೆ, ಅದರಲ್ಲೇ ಚಹಾ, ಸಾರು, ಗಂಜಿಯ ತಿಳಿ ಎಲ್ಲ ಸೇರಬೇಕು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಇದನ್ನು ಹಿಡಿಯುವುದು ಎಂಥ ಪಾಡು ಎಂದು ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಂದು ಬಾಟಲಿಗೆ ದಿನದ ಲೆಕ್ಕದ ನೀರು ತುಂಬಿಸಿ, ಕುಡಿಯುವ ಪ್ರತಿ ಚಹಾಕ್ಕೂ ಅಷ್ಟು ನೀರು ಅದರಿಂದ ಚೆಲ್ಲುತ್ತಾ ಹೋದರೆ ಎಷ್ಟು ಉಳಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಸಣ್ಣ ಐಸ್ ತುಂಡನ್ನು ನಾಲಗೆಯ ಮೇಲಿಟ್ಟು ಕರಗಲು ಬಿಡುವುದು, ಬಾಯಿ ಮುಕ್ಕಳಿಸಿ ಉಗುಳುವುದು, ಊಟದಲ್ಲಿ ಉಪ್ಪು ಇಳಿಸುವುದು, ಇಷ್ಟೇ ಉಪಾಯ. ಆ ಐಸ್ ತುಂಡು ಕರಗುವ ಒಂದೆರಡು ನಿಮಿಷಕ್ಕೆ ನಾವು ಸೂಚಿಸುವ ಪ್ರಾರ್ಥನೆ ಎರಡೇ ಶಬ್ದದ್ದು: "ನನಗೆ ದಾಹ." ಯೋಹಾನನ ಸುವಾರ್ತೆಯ 19ನೇ ಅಧ್ಯಾಯದ 28ನೇ ವಚನ. 22ನೇ ಕೀರ್ತನೆಯಲ್ಲಿ ಬಾಯಿಯ ಅಂಗುಳಕ್ಕೆ ಅಂಟಿದ ನಾಲಗೆಯ ಮಾತೂ ಉಂಟು. ನಾಲಗೆ ಒಣಗಿ ಅಂಗುಳಕ್ಕೆ ಅಂಟುವುದು ಏನೆಂದು ಧರ್ಮೋಪದೇಶದ ತರಗತಿಯಲ್ಲಿ ಯಾರೂ ಕಲಿಸಲು ಆಗುವುದಿಲ್ಲ, ಇವರು ಅದನ್ನು ದಿನಾ ಬಲ್ಲರು. ಆ ಶಬ್ದಗಳು ಹೇಳುವುದಕ್ಕೆ ಇವರಿಗಿಂತ ಹೆಚ್ಚು ಹಕ್ಕಿರುವವರು ಇಗರ್ಜಿಯಲ್ಲಿ ಬೇರೆ ಯಾರೂ ಇಲ್ಲ. ನೋಡಲು ಬರುವವರಿಗೆ ಒಂದು ಮಾತು: ಎಳನೀರು, ಬಾಳೆಹಣ್ಣು ತರಬೇಡಿ. ರೋಗಿಗೆ ಎಳನೀರು ಒಯ್ಯುವುದು ನಮ್ಮ ಊರಿನ ಪ್ರೀತಿ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಕೆಲಸ ಮಾಡದವರ ರಕ್ತದಲ್ಲಿ ಅದು ಏರಿದರೆ ಹೃದಯ ನಿಂತುಹೋಗಬಹುದು.

ಗುರುಗಳು ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರವನ್ನು ತಡಮಾಡುವುದು ಇನ್ನೊಂದು ತಪ್ಪು. "ಕೊನೆಯ ಎಣ್ಣೆ" ಎಂಬ ಹಳೆಯ ಮಾತಿನಿಂದಾಗಿ ಫಾದರನ್ನು ಕರೆದರೆ ರೋಗಿ ಹೆದರುತ್ತಾರೆ ಎಂದು ಉಸಿರು ಎಳೆಯುವ ತನಕ ಕಾಯುತ್ತಾರೆ. ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ಹೇಳಿದ್ದು ಸಾಯುತ್ತಿರುವವರ ಬಗ್ಗೆ ಅಲ್ಲ, ಅಸ್ವಸ್ಥರಾದವರ ಬಗ್ಗೆ. ಗಂಭೀರ ಕಾಯಿಲೆ ಎಂದು ಗೊತ್ತಾದಾಗ, ದೊಡ್ಡ ಆಪರೇಶನಿಗೆ ಮುಂಚೆ, ಪ್ರಾಯ ಸಂದು ತೀರ ಬಲಗುಂದಿದಾಗ ಪಡೆಯಬಹುದು. ಅದೇ ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆ ಪಡೆಯಬಹುದು. ರೋಗಿಗೆ ಪ್ರಜ್ಞೆ ಇದ್ದು, ಹಣೆಗೂ ಅಂಗೈಗೂ ಎಣ್ಣೆ ಹಚ್ಚುವಾಗ ತಾವೇ "ಆಮೆನ್" ಹೇಳಲು ಆಗುವ ಹೊತ್ತಿನಲ್ಲಿ ಆದರೆ ಒಳ್ಳೆಯದು. ಮನೆಯಲ್ಲಿ ಬೇಕಾದದ್ದು ಒಂದು ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಒಂದು ಲೋಟ ನೀರು, ಚಮಚ, ಸ್ವಲ್ಪ ಹತ್ತಿ. ಮೇಣದಬತ್ತಿ ಹಚ್ಚುವ ಮೊದಲು ಕೋಣೆಯನ್ನು ನೋಡಿ. ಆಕ್ಸಿಜನ್ ಸಿಲಿಂಡರ್ ಅಥವಾ ಕಾನ್ಸನ್‌ಟ್ರೇಟರ್ ಓಡುತ್ತಿರುವ ಕೋಣೆಯಲ್ಲಿ ಬೆಂಕಿ ಬೇಡವೇ ಬೇಡ. ಆಕ್ಸಿಜನ್ ಹಾಸಿಗೆಬಟ್ಟೆಯಲ್ಲಿ, ಕೂದಲಲ್ಲಿ ಸೇರಿರುತ್ತದೆ, ಒಂದು ಕಿಡಿ ಸಾಕು. ಬತ್ತಿಯನ್ನು ಜಗಲಿಯಲ್ಲಿ ಹಚ್ಚಿ, ಅಥವಾ ಬ್ಯಾಟರಿಯದ್ದು ಇಡಿ. ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಒಂದು ಗಂಟೆ ಉಪವಾಸದ ನಿಯಮ ರೋಗಿಗೂ ಇಲ್ಲ, ಅವರನ್ನು ನೋಡಿಕೊಳ್ಳುವವರಿಗೂ ಇಲ್ಲ. ಇದು ಗೊತ್ತಿಲ್ಲದೆ ಮಾತ್ರೆ ತಡಮಾಡಿದವರು, ಪರಮಪ್ರಸಾದ ಬಿಟ್ಟವರು ಇಬ್ಬರೂ ಇದ್ದಾರೆ. ನುಂಗಲು ಕಷ್ಟವಾದರೆ ಸಾಸಿವೆಯಷ್ಟು ತುಣುಕು, ಮೇಲೆ ಒಂದು ಚಮಚ ನೀರು ಸಾಕು. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲಿ ಕೊಡಲು ಆಗುತ್ತದೆಯೇ ಎಂದು ಫಾದರಿಗೆ ಮುಂಚೆಯೇ ಹೇಳಿಡಬೇಕು.

ನೋಡಲು ಬರುವವರು ಆಡುವ ಮಾತಿನಿಂದ ಆದಷ್ಟು ಗಾಯ ಕಾಯಿಲೆಯಿಂದಲೂ ಆಗುವುದಿಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯ ತನಕ ಸರಿಯಾಗಿಯೇ ಇತ್ತು. ಬಾಯಿ ತೆರೆದು ಕಾರಣ ಹೇಳಲು ಹೊರಟಾಗ ಕೆಟ್ಟಿತು. ಕೊನೆಗೆ ದೇವರು, ನನ್ನ ಬಗ್ಗೆ ನೀವು ಸರಿಯಾಗಿ ಮಾತಾಡಲಿಲ್ಲ, ಯೋಬನು ಮಾತಾಡಿದ ಎನ್ನುತ್ತಾರೆ. ಅಷ್ಟು ಗೋಳಾಡಿದ, ಅಷ್ಟು ವಾದ ಹೂಡಿದ ಯೋಬನು! ಆದರೂ ನಮ್ಮವರು "ಕುಟುಂಬದಲ್ಲಿ ಏನೋ ತಪ್ಪಾಗಿರಬೇಕು" ಎನ್ನುವುದನ್ನು ಬಿಡುವುದಿಲ್ಲ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. 1970ರ ದಶಕದ ಕೊನೆಯಿಂದ 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ತಲೆ ಬೆಳೆದ, ಕೈಕಾಲು ಸೊಟ್ಟಗಾದ, ಮಾತು ಬಾರದ ಮಕ್ಕಳು ಹುಟ್ಟಿದಾಗ ಊರು ಮೊದಲು ಹುಡುಕಿದ್ದು ಶಾಪವನ್ನು, ದೋಷವನ್ನು. ಯಾವ ಧರ್ಮದ ಮನೆಯೂ ಇದರಿಂದ ಹೊರಗಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ್ದು 2017ರ ಜನವರಿಯಲ್ಲಿ. ಹುಟ್ಟು ಕುರುಡನನ್ನು ನೋಡಿ "ಯಾರ ಪಾಪ, ಇವನದೋ ತಂದೆತಾಯಿಯದೋ" ಎಂದು ಶಿಷ್ಯರು ಕೇಳಿದಾಗ ಯೇಸು "ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ" ಎಂದದ್ದು ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಇದೆ. ಇಪ್ಪತ್ತು ಮೂವತ್ತು ವರ್ಷ ಮಗುವನ್ನು ಎತ್ತಿ ಸ್ನಾನ ಮಾಡಿಸಿದ ತಾಯಿಗೆ ಬೈಬಲಿನಿಂದ ಒಂದೇ ವಾಕ್ಯ ಓದಲು ಅವಕಾಶ ಸಿಕ್ಕರೆ ನಾವು ಓದುವುದು ಇದನ್ನು, ಎರಡು ಸಲ, ನಿಧಾನಕ್ಕೆ.

ಭೇಟಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ನಿಂತು ಮಾತಾಡಬಾರದು, ಸ್ಟೂಲು ಎಳೆದು ರೋಗಿಯ ಕಣ್ಣಿನ ಮಟ್ಟಕ್ಕೆ ಕೂರಬೇಕು. "ಧೈರ್ಯವಾಗಿರಿ", "ದೇವರಿಗೆ ಇಷ್ಟವಾದವರಿಗೇ ಕಷ್ಟ ಬರುವುದು" ಎಂಬ ಮಾತುಗಳನ್ನು ಅಂಗಳದಲ್ಲೇ ಬಿಟ್ಟು ಒಳಗೆ ಬರಬೇಕು. "ಇವತ್ತು ಪ್ರಾರ್ಥನೆ ಬೇಕಾ, ಸುಮ್ಮನೆ ಕೂರಲಾ?" ಎಂದು ಕೇಳಿ. "ಇವತ್ತು ಬೇಡ ಅಕ್ಕ" ಎಂದರೆ ಬೇಡವೆಂದೇ ಅರ್ಥ. ಸಾಯಬೇಕೆಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೊಮ್ಮೆ ಎಬ್ಬಿಸಿ ಮತ್ತೆ ಊಟ ಕೊಟ್ಟ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಕಟ್ಟಿಕೊಂಡು ಹೋಗಿ, ರಾತ್ರಿ ನಿದ್ದೆಗೆಟ್ಟವರನ್ನು ಎರಡು ಗಂಟೆ ಮಲಗಲು ಕಳಿಸಿದರೆ ಅದೇ ಭೇಟಿ.

ನಾಲ್ಕು ಜನ ಬೇಕು ಎಂಬುದು ನಮ್ಮ ಲೆಕ್ಕ. ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಜನರ ಗುಂಪಿನಿಂದ ಒಳಗೆ ಹೋಗಲಾಗದೆ ಮಾಡು ಬಿಚ್ಚಿ ಚಾಪೆ ಸಮೇತ ಇಳಿಸುತ್ತಾರೆ. "ಯೇಸು ಅವರ ನಂಬಿಕೆಯನ್ನು ನೋಡಿ" ಎಂದು ಬರೆದಿದೆ. ಅವರ ನಂಬಿಕೆ. ಚಾಪೆಯ ಮೇಲಿದ್ದವನಿಗೆ ಆ ಹೊತ್ತಿನಲ್ಲಿ ಎಷ್ಟು ನಂಬಿಕೆ ಇತ್ತೆಂದು ಮಾರ್ಕ ವಿಚಾರಿಸುವುದಿಲ್ಲ. "ನನಗೆ ಈಗ ನಂಬಲು ಆಗುದಿಲ್ಲ" ಎಂದು ರೋಗಿ ಹೇಳಿದಾಗ ಮನೆಯವರು ಬೆಚ್ಚುತ್ತಾರೆ. ನಾವು ಹೇಳುವುದು "ಆಗಲಿ, ಈ ವಾರ ನಿಮ್ಮ ಪಾಲಿನದನ್ನು ನಾವು ನಂಬುತ್ತೇವೆ" ಎಂದು. ಇದು ಬಾಯಿಮಾತಿಗಲ್ಲ. ವಾರ್ಡಿನ ಮುಖ್ಯಸ್ಥರಾದ ಗುರಿಕಾರರು ಇಂಥ ಮನೆಗೆ ನಾಲ್ವರನ್ನು ಹೆಸರು ಹಿಡಿದು ಗೊತ್ತುಮಾಡುತ್ತಾರೆ. ಒಬ್ಬರು ಗಾಡಿಗೆ, ಒಬ್ಬರು ರಾತ್ರಿ ಕೂರಲು, ಒಬ್ಬರು ಅಡುಗೆಮನೆಗೆ, ಒಬ್ಬರು ಕಾಗದಪತ್ರಕ್ಕೆ. ಕೊನೆಯದು ಸಣ್ಣ ಕೆಲಸವಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡದವರ ಪಾಡು ಹೀಗೇ: ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಸಹಾಯಧನದ ಅರ್ಜಿ ಮಲಯಾಳದಲ್ಲಿ, ಅಳು ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ. ಓದಲಾಗದ ಕಾಗದವನ್ನು ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವಾಗ ಮನುಷ್ಯ ದೇವರೂ ತನ್ನ ಭಾಷೆ ಮರೆತಂತೆ ಕುಸಿಯುತ್ತಾನೆ. ಮಲಯಾಳ ಬಲ್ಲ ಒಬ್ಬ ಯುವಕ ಒಂದು ಫೈಲು ಮಾಡಿ, ಎಲ್ಲ ಕಾಗದಕ್ಕೂ ಮೂರು ಮೂರು ಜೆರಾಕ್ಸ್ ಇಟ್ಟು, ಮೇಲೆ ಕನ್ನಡದಲ್ಲಿ ಯಾವುದು ಏನೆಂದು ಬರೆದಿಟ್ಟರೆ ಅವನೂ ಮಾಡು ಬಿಚ್ಚಿದ ನಾಲ್ವರಲ್ಲಿ ಒಬ್ಬ.

ಮಾಡು ಬಿಚ್ಚಲೂ ಆಗದ ದಿನಗಳು ಬಂದದ್ದುಂಟು. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಕಡೆಯ ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಹಿಂದಿರುಗಿದವು, ದಾರಿಯಲ್ಲೇ ಪ್ರಾಣ ಹೋದವರು ಇದ್ದಾರೆ. ಇಗರ್ಜಿಗಳೂ ಮುಚ್ಚಿದ್ದವು. ಏಪ್ರಿಲ್ 12ರ ಪಾಸ್ಖ (ಈಸ್ಟರ್) ಹಬ್ಬ ಜನವಿಲ್ಲದೆ ಕಳೆಯಿತು. ಆಗ ಉಳಿದದ್ದು ಫೋನು ಮತ್ತು ಬಾಯಿಪಾಠ. ಪರಮಪ್ರಸಾದ ಸಿಗದವರು ಮನಸ್ಸಿನಲ್ಲೇ ಅದನ್ನು ಬಯಸಿ ಪ್ರಾರ್ಥಿಸುವ ಹಳೆಯ ಪದ್ಧತಿಯನ್ನು ಮತ್ತೆ ಕಲಿತರು. ಬಾಯಿಪಾಠ ಇದ್ದವರು ತಡೆದುಕೊಂಡರು, ಪುಸ್ತಕ ನೋಡಿ ಮಾತ್ರ ಹೇಳಬಲ್ಲವರು ಕಂಗಾಲಾದರು. ಅಂದಿನಿಂದ ನಾವು ಪ್ರತಿ ಮನೆಗೆ ಮೂರು ಪಾಠ ಬಾಯಿಗೆ ಬರುವ ತನಕ ಬಿಡುವುದಿಲ್ಲ: 13, 23, 121ನೇ ಕೀರ್ತನೆಗಳು. ಮೂರೂ ಸೇರಿ ಇಪ್ಪತ್ತು ವಚನ.

ವಿಶ್ವಾಸದ ಬರಗಾಲಕ್ಕೂ ಖಿನ್ನತೆಗೂ ವ್ಯತ್ಯಾಸ ತಿಳಿದಿರಬೇಕು. ಪ್ರಾರ್ಥನೆ ಒಣಗಿದೆ, ಆದರೆ ಮೊಮ್ಮಗುವನ್ನು ಕಂಡರೆ ಮುಖ ಅರಳುತ್ತದೆ, ಗಂಜಿ ರುಚಿಸುತ್ತದೆ ಎಂದಾದರೆ ಅದು ಬರಗಾಲ, ಕಾಯಬಹುದು. ಎರಡು ವಾರ ಕಳೆದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಊಟ ಬೇಡ, ತಾನು ಎಲ್ಲರಿಗೂ ಹೊರೆ ಎಂಬ ಮಾತು ಪದೇ ಪದೇ ಬರುತ್ತದೆ ಎಂದಾದರೆ ಅದು ಕಾಯಿಲೆ, ಅದಕ್ಕೆ ವೈದ್ಯರು ಬೇಕು. ರೋಗಿಗೆ ಮಾತ್ರವಲ್ಲ, ನೋಡಿಕೊಳ್ಳುವವರಿಗೂ ಬರುತ್ತದೆ. ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಾ ಕ್ಷಯದಿಂದ 1897ರಲ್ಲಿ ತೀರಿಕೊಂಡಾಗ ಪ್ರಾಯ ಬರೇ 24. ಕೊನೆಯ ಒಂದೂವರೆ ವರ್ಷ ಸ್ವರ್ಗವೆಂಬುದು ಇದೆಯೇ ಎಂಬ ಕತ್ತಲೆಯಲ್ಲಿ ಕಳೆದವರು. ತೀವ್ರ ನೋವಿನಲ್ಲಿರುವವರ ಪಕ್ಕ ವಿಷದ ಔಷಧಿಗಳನ್ನು ಇಡಬೇಡಿ ಎಂದು ತಮ್ಮನ್ನು ನೋಡಿಕೊಳ್ಳುತ್ತಿದ್ದವರಿಗೆ ಹೇಳಿದ್ದರು. ತೋಟದ ಔಷಧಿಗಳಿರುವ ನಮ್ಮ ಮನೆಗಳಿಗೆ ಇದು ನೇರ ತಾಗುತ್ತದೆ. ಅವುಗಳನ್ನು ಬೀಗ ಹಾಕಿ ಇಡಿ, ಕೀಲಿ ಬೇರೆ ಮನೆಯಲ್ಲಿರಲಿ, ಮಾತ್ರೆಗಳನ್ನು ಒಬ್ಬರೇ ಎಣಿಸಿ ಕೊಡಲಿ. "ಸಾಯಬೇಕು ಅಂತ ಅನ್ನಿಸುತ್ತಾ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು.

ಸ್ವಸ್ಥತೆಗಾಗಿ ಪ್ರಾರ್ಥಿಸುವ ಧ್ಯಾನಕೂಟಕ್ಕೆ ಹೋಗಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಮಾತ್ರೆ ಬಿಡಬೇಡಿ ಎನ್ನುತ್ತೇವೆ. ಸ್ವಸ್ಥತೆ ಸಿಕ್ಕಿತೆಂಬ ಖುಷಿಯಲ್ಲಿ ಅಪಸ್ಮಾರದ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬರಬಹುದು. ಡಯಾಲಿಸಿಸ್ ಎರಡು ಸಲ ತಪ್ಪಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಗುಣವಾಗಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ವೈದ್ಯರೇ ಇಳಿಸುತ್ತಾರೆ. ಬೇಡಿಕೊಳ್ಳುವುದನ್ನು ಬಿಡಬೇಕಾಗಿಲ್ಲ. ದಾನಿಯೇಲನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಬೆಂಕಿಗೆ ಎಸೆಯಲು ತಂದ ಮೂವರು ಅದರ ಮುಂದೆ ನಿಂತು, ನಮ್ಮ ದೇವರು ಬಿಡಿಸಬಲ್ಲರು ಎಂದರು, ಅದೇ ಉಸಿರಿನಲ್ಲಿ "ಬಿಡಿಸದಿದ್ದರೂ" ಎಂದರು. ಎರಡು ಕೈಗೆ ಎರಡು ಮಾತು. ಬಲಗೈ ತೆರೆದು "ಗುಣ ಮಾಡು", ಎಡಗೈ ತೆರೆದು "ಮಾಡದಿದ್ದರೂ ನೀನು ನನ್ನವನು." ಎಡಗೈಯ ಮಾತು ಬಾರದ ದಿನ ಬಲಗೈಯದು ಮಾತ್ರ ಹೇಳಬಹುದು. ಯಾವುದೂ ಬಾರದ ದಿನಕ್ಕೆ ಮಾರ್ಕನ ಒಂಬತ್ತನೆಯ ಅಧ್ಯಾಯದಲ್ಲಿ ಒಬ್ಬ ತಂದೆಯ ಕೂಗು ಇದೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು.

ಮರಿಯಮ್ಮನವರು ಹುಟ್ಟಿದ ದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬಂದಾಗ ಅದನ್ನು ಮೊದಲು ಹಾಸಿಗೆಯ ಬಳಿಗೆ ಒಯ್ಯಿರಿ. ನುಂಗಲಾಗದವರ ಕೈಯಲ್ಲಿ ಎರಡು ಕಾಳು ಇಟ್ಟರೂ ಆಯಿತು. ಒಂದು ವಾರ ಕಳೆದು 15ರಂದು ಶೋಕಮಾತೆಯ, ಎಂದರೆ ಮಗನ ಪಾಡಿಗೆ ದುಃಖಿಸುವ ಮರಿಯಮ್ಮನವರ ಹಬ್ಬ. ಬೇಳದ ಇಗರ್ಜಿ ಆಕೆಯದೇ. ಶಿಲುಬೆಯ ಬಳಿ ತಾಯಿ "ನಿಂತಿದ್ದಳು" ಎಂದಷ್ಟೇ ಯೋಹಾನ ಬರೆಯುತ್ತಾನೆ. ಏನೂ ಮಾಡಲಾಗದೆ ಬಾಗಿಲಲ್ಲಿ ನಿಂತ ತಾಯಂದಿರು ಆ ಶಬ್ದವನ್ನು ಬೇಗ ಗುರುತಿಸುತ್ತಾರೆ.

ಕೊನೆಯ ದಿನಗಳಲ್ಲಿ ಮಾತು ಇನ್ನೂ ಸಣ್ಣದಾಗಲಿ. ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು, ಆದ್ದರಿಂದ ಹಾಸಿಗೆಯ ಬಳಿ ಖರ್ಚಿನ ಮಾತು, ಪೆಟ್ಟಿಗೆಯ ಮಾತು ಬೇಡ. ಒದ್ದೆ ಹತ್ತಿಯಿಂದ ತುಟಿ ಒರೆಸಿ. ಉಸಿರು ಹೊರಗೆ ಬರುವಾಗ, ಅದರ ಜೊತೆಗೇ, ಕಿವಿಯ ಹತ್ತಿರ "ಯೇಸುವೇ" ಎಂದು ಒಂದು ಶಬ್ದ. ಹಣೆ ಗಂಟಿಕ್ಕಿದರೆ ನಿಲ್ಲಿಸಿ, ಕೈ ಮಾತ್ರ ಹಿಡಿದಿರಿ. ಉಸಿರಿನ ನಡುವೆ ಅರ್ಧ ನಿಮಿಷ ಬಿಡುವು ಬರುವುದು, ಗಂಟಲಲ್ಲಿ ಗೊರಗೊರ ಶಬ್ದ ಬರುವುದು ಆ ಹೊತ್ತಿನ ಸಹಜ ಕ್ರಮ. ಮುಂಚೆಯೇ ಹೇಳಿಟ್ಟರೆ ಮನೆಯವರು ಗಾಬರಿಬಿದ್ದು ಮತ್ತೆ ಆಂಬುಲೆನ್ಸ್ ಹತ್ತಿಸುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾಲ್ವರ ಕೆಲಸ ಮುಗಿಯಿತು ಎಂದುಕೊಳ್ಳುವುದು ನಾವು ಬಹಳ ಕಾಲ ಮಾಡಿದ ತಪ್ಪು. ವರ್ಷಗಟ್ಟಲೆ ಎರಡು ಗಂಟೆಗೊಮ್ಮೆ ಎದ್ದವರ ದೇಹಕ್ಕೆ ರೋಗಿ ಹೋದದ್ದು ಗೊತ್ತಾಗುವುದಿಲ್ಲ. ರಾತ್ರಿ 12ಕ್ಕೆ, 2ಕ್ಕೆ ಕಣ್ಣು ತಾನಾಗಿ ತೆರೆಯುತ್ತದೆ. ಕೈ ಕತ್ತಲಲ್ಲಿ ಭುಜ ಹುಡುಕುತ್ತದೆ, ಸಿಗುವುದು ಖಾಲಿ ಚಾಪೆ. ಈಗ ನಾವು ಆ ಹೊತ್ತುಗಳನ್ನು ಹಂಚಿಕೊಳ್ಳುತ್ತೇವೆ. ಒಬ್ಬರು 12ರದ್ದು, ಒಬ್ಬರು 2ರದ್ದು, ಒಬ್ಬರು 4ರದ್ದು, ಒಬ್ಬರು ಬೆಳಗಿನ 6ರದ್ದು, ನಲವತ್ತು ರಾತ್ರಿ. ಫೋನು ಮೌನದಲ್ಲಿಡದೆ ಮಲಗಬೇಕು. "ಎಚ್ಚರ ಆಯಿತು" ಎಂದು ಆ ಕಡೆಯಿಂದ ಕರೆ ಬಂದರೆ ಹೆಚ್ಚು ಮಾತಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಆ ಹೊತ್ತಿನ ಸಾಲನ್ನು ಅವರು ಓದುತ್ತಾರೆ, ನಾವು ಮುಂದಿನ ಸಾಲನ್ನು ಹೇಳುತ್ತೇವೆ, ಅವರು ಮಗ್ಗುಲು ಬದಲಿಸಿ ಮಲಗುತ್ತಾರೆ.